ಪೂರ್ತಿ ನಿಷೇಧವೋ, ಬಯಲಲ್ಲೊಂದು ಜಾಗವೋ?

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಸಣ್ಣ ವರ್ಕ್‌ಶಾಪ್ ಇಟ್ಟವರಿಗೆ ಆಯ್ಕೆ ಎರಡೇ: ಕಂಪೌಂಡಿನೊಳಗೆ ಎಲ್ಲೂ ಬೀಡಿ-ಸಿಗರೇಟು ಸೇದಬಾರದು ಎನ್ನುವುದು, ಇಲ್ಲವೇ ಸೇದಲು ಬಯಲಲ್ಲಿ ಒಂದು ಜಾಗ ಬಿಡುವುದು. ಶೆಡ್ಡಿನೊಳಗೇ ಸ್ಮೋಕಿಂಗ್ ರೂಮ್ ಮಾಡುವಂತಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಆ ರಿಯಾಯಿತಿ ಕೊಟ್ಟಿರುವುದು ಕನಿಷ್ಠ 30 ಕೋಣೆಗಳ ಹೋಟೆಲ್, ಕನಿಷ್ಠ 30 ಆಸನಗಳ ರೆಸ್ಟೋರೆಂಟ್, ವಿಮಾನ ನಿಲ್ದಾಣಗಳಿಗೆ ಮಾತ್ರ. ಅದರಡಿ ಬಂದ 2008ರ ನಿಯಮಗಳಂತೆ ಕೆಲಸದ ಜಾಗದಲ್ಲೂ ಸೇದುವಂತಿಲ್ಲ. ಬೋರ್ಡ್ ಹಾಕುವ ಹೊಣೆ ಮಾಲೀಕರದು.

ಪೂರ್ತಿ ನಿಷೇಧದಲ್ಲಿ ವಾದಕ್ಕೆ ಜಾಗವಿಲ್ಲ. ಥಿನ್ನರ್, ಪೇಂಟ್, ಹತ್ತಿ ಇರುವಲ್ಲಿ ಬೇರೆ ಯೋಚನೆಯೇ ಬೇಡ. ಆದರೆ ಬೀಡಿ ಶೌಚಾಲಯ ಸೇರುತ್ತದೆ, ಇಲ್ಲವೇ ಆಳು ಗೇಟು ದಾಟಿ ಚಹಾದಂಗಡಿಗೆ ಹೋದವ ಅರ್ಧ ತಾಸಾದರೂ ಬರುವುದಿಲ್ಲ.

ಬರೀ ಕಬ್ಬಿಣದ ಕೆಲಸವಾದರೆ ನಾನು ಬಯಲಿನ ಜಾಗವನ್ನೇ ಆರಿಸುವೆ. "ನಮ್ಮ ರೊಕ್ಕ, ನಮ್ಮ ಎದಿ, ನಿಮಗೇನ್ರಿ?" ಎಂಬ ಮಾತಿಗೆ ಅಲ್ಲಿ ಬೆಲೆಯುಂಟು. ಶೆಡ್ಡಿನೊಳಗೆ ಅದೇ ಮಾತು ನಿಲ್ಲದು, ಪಕ್ಕದ ಲೇಥಿನವನ ಎದಿ ಯಾರದು? 2001ರಲ್ಲಿ ಸುಪ್ರೀಂ ಕೋರ್ಟ್ ಸೇದದವರ ಪರ ನಿಂತದ್ದು ಬದುಕುವ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯ ಆಧಾರದಲ್ಲೇ. ಜಾಗ ಮಾತ್ರ ಬಾಗಿಲು, ಕಿಟಕಿ, ಬುತ್ತಿ ಬಿಚ್ಚುವ ಕಟ್ಟೆ ಎಲ್ಲದರಿಂದ ದೂರವಿರಲಿ. ಗಿರಾಕಿಗಳು ಓಡಾಡುವ ಅಂಗಳವಂತೂ ಬೇಡ. ಸೇದುವವರಿಗಷ್ಟೇ ಹೆಚ್ಚು ಬಿಡುವು ಎಂದು ಉಳಿದವರು ಗೊಣಗುವುದುಂಟು, ಅದು ನ್ಯಾಯವೇ. ಚಹಾದ ಹೊತ್ತನ್ನು ಎಲ್ಲರಿಗೂ ಒಂದೇ ಮಾಡಿ. ಗುಟ್ಕಾ ಉಗುಳುವವರ ತಂಟೆ ಎರಡರಲ್ಲೂ ತಪ್ಪಿದ್ದಲ್ಲ.