ಬಿಳಿಬಾಲದ ಜಿಂಕೆಗೆ ಬಿಲ್ಲೋ ಕೋವಿಯೋ: ವಿಸ್ಕಾನ್ಸಿನ್ನಿನಲ್ಲಿ ಆರು ಹಂಗಾಮುಗಳ ಹೋಲಿಕೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ, ಹಿಮನದಿಗಳು ಸವೆಸದೆ ಬಿಟ್ಟುಹೋದ ಗುಡ್ಡಗಾಡಿನ ನಡುವೆ, ಪರಿಚಿತ ರೈತರೊಬ್ಬರ ಓಕ್ ಮರಗಳ ಕಾಡು ಮತ್ತು ಮೆಕ್ಕೆಜೋಳದ ಹೊಲಗಳಲ್ಲಿ ನಾನು ಆರು ಹಂಗಾಮುಗಳಿಂದ ಬಿಳಿಬಾಲದ ಜಿಂಕೆಯ ಬೇಟೆ ಆಡುತ್ತಿದ್ದೇನೆ. ಮೊದಲ ಎರಡು ವರ್ಷ ಬಿಲ್ಲನ್ನು ಮಾತ್ರ ಹಿಡಿದೆ, ನಂತರದ ಎರಡು ವರ್ಷ ರೈಫಲ್ಲನ್ನು ಮಾತ್ರ, ಕಳೆದ ಎರಡು ವರ್ಷಗಳಿಂದ ಎರಡನ್ನೂ ಬಳಸುತ್ತಿದ್ದೇನೆ. ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗ ಮಿತ್ರರು, ಅದರಲ್ಲೂ ನನ್ನಂತೆ ಕೊಡಗಿನಿಂದ ಬಂದವರು, ಯಾವುದರಿಂದ ಆರಂಭಿಸುವುದು ಒಳಿತು ಎಂದು ಕೇಳುತ್ತಾರೆ. ಯಾವುದು ಹೆಚ್ಚು ಶೌರ್ಯದ್ದು, ಯಾವುದು ಹೆಚ್ಚು ಪ್ರಾಚೀನವಾದದ್ದು ಎಂಬ ಚರ್ಚೆಯನ್ನು ನಾನು ಬದಿಗಿಟ್ಟಿದ್ದೇನೆ. ನನ್ನ ಅಳತೆಗೋಲು ಒಂದೇ: ನನ್ನ ಕೈ ತಪ್ಪಿದಾಗ ಆ ತಪ್ಪಿಗೆ ಜಿಂಕೆ ಎಷ್ಟು ಬೆಲೆ ತೆರಬೇಕಾಗುತ್ತದೆ.

ಒಂದು ವಿಷಯವನ್ನು ಮೊದಲೇ ಹೇಳಿಬಿಡಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇರುವುದು ನಿಜವಾದರೂ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವುದಕ್ಕೂ ತೆಂಗಿನಕಾಯಿಗೆ ಗುರಿ ಇಡುವುದಕ್ಕೂ ಆಚೆ ಅದು ಕಾಡಿಗೆ ಹೋಗುವಂತಿಲ್ಲ, ಹೋಗಲೂಬಾರದು. ಇಲ್ಲಿನ ಪರಿಸ್ಥಿತಿಯೇ ಬೇರೆ. ತೋಳಗಳು ಮತ್ತು ಪ್ಯೂಮಾಗಳು ಬಹುಕಾಲದ ಹಿಂದೆಯೇ ಅಳಿದುಹೋದ ಈ ಕೃಷಿಪ್ರದೇಶದಲ್ಲಿ ಜಿಂಕೆಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವ ಕೆಲಸವನ್ನು ರಾಜ್ಯವು ಪರವಾನಗಿ ಪಡೆದ ಬೇಟೆಗಾರರಿಂದ ಮಾಡಿಸುತ್ತದೆ, ಹೊಡೆದ ಪ್ರತಿಯೊಂದು ಪ್ರಾಣಿಯನ್ನೂ ಮಾರನೆಯ ದಿನ ಸಂಜೆ ಐದರೊಳಗೆ ನೋಂದಾಯಿಸಬೇಕೆಂದು ನಿಯಮ ಮಾಡಿದೆ.

ನಾನು ಬಿಲ್ಲಿನಿಂದ ಆರಂಭಿಸಿದ್ದಕ್ಕೆ ವೀಸಾ ಕಾರಣವೇ ಹೊರತು ಒಲವಲ್ಲ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವಂತಿಲ್ಲ. ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಇದ್ದವರಿಗೆ ಅದೇ ಕಾನೂನು ವಿನಾಯಿತಿ ಕೊಡುತ್ತದೆ ಎಂಬುದು ನನಗೆ ಎರಡು ವರ್ಷ ಕಳೆದ ಮೇಲೆ ತಿಳಿಯಿತು. ಬಿಲ್ಲಿಗೆ ಇಂಥ ಯಾವ ತೊಡಕೂ ಇಲ್ಲ. ಅಂಗಡಿಗೆ ಹೋಗಿ ಹಣ ಕೊಟ್ಟು ತರಬಹುದು. ಆದರೆ ಬೇಟೆಗೆ ಇಳಿಯಬೇಕಾದರೆ ಎರಡಕ್ಕೂ ನಿಯಮ ಒಂದೇ: 1973ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರು ಬೇಟೆಗಾರರ ಶಿಕ್ಷಣದ ತರಗತಿಯನ್ನು ಮುಗಿಸಿರಬೇಕು, ಇಲ್ಲವೇ ಅನುಭವಿಯೊಬ್ಬರ ಕೈಯಳತೆಯ ದೂರದಲ್ಲೇ ಇದ್ದು ಬೇಟೆಯಾಡಬೇಕು.

ಬಿಲ್ಲಿನ ವಿಷಯದಲ್ಲಿ ವಿಸ್ಕಾನ್ಸಿನ್ನಿಗೆ ಒಂದು ಹಿರಿಮೆಯಿದೆ. ಆಧುನಿಕ ಕಾಲದಲ್ಲಿ ಬಿಲ್ಲುಬಾಣಕ್ಕೆಂದೇ ಪ್ರತ್ಯೇಕವಾದ ಜಿಂಕೆ ಬೇಟೆಯ ಹಂಗಾಮನ್ನು ಅಮೆರಿಕದಲ್ಲಿ ಮೊದಲು ತೆರೆದದ್ದು ಈ ರಾಜ್ಯವೇ, 1934ರಲ್ಲಿ. ಆಗಿನವರು ಹಿಡಿದದ್ದು ಮರದ ಬಿಲ್ಲು. ಇಂದು ಬಹುಪಾಲು ಜನ ಬಳಸುವ, ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಪೇಟೆಂಟ್ ಪಡೆದದ್ದು 1969ರಲ್ಲಿ. ನನ್ನ ಬಿಲ್ಲಿನ ಎಳೆತ 60 ಪೌಂಡ್, ಅಂದರೆ ಸುಮಾರು 27 ಕಿಲೋ. ಆದರೆ ಹೆದೆಯನ್ನು ಪೂರ್ತಿ ಎಳೆದ ಮೇಲೆ ರಾಟೆಗಳು ಭಾರದ ಶೇಕಡಾ 80ರಷ್ಟನ್ನು ತಾವೇ ಹೊರುವುದರಿಂದ ಕೈಗೆ ಉಳಿಯುವುದು 12 ಪೌಂಡ್ ಮಾತ್ರ. ಜಿಂಕೆ ಮರದ ಮರೆಯಿಂದ ಹೊರಬರಲಿ ಎಂದು ಒಂದು ನಿಮಿಷ ಹಾಗೆಯೇ ಕಾಯಲು ಸಾಧ್ಯವಾಗುವುದು ಈ ಉಪಾಯದಿಂದ.

ಇನ್ನು ಎರಡೂ ಸಾಧನಗಳು ಕೊಲ್ಲುವ ಬಗೆ. ಇದನ್ನು ಅರ್ಥಮಾಡಿಕೊಳ್ಳದೆ ಆಯ್ಕೆ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ .308 ರೈಫಲ್ಲಿನ ಗುಂಡು ಹತ್ತು ಗ್ರಾಮಿಗಿಂತ ತುಸು ಕಡಿಮೆ ತೂಗುತ್ತದೆ ಮತ್ತು ನಳಿಗೆಯನ್ನು ಸೆಕೆಂಡಿಗೆ ಸುಮಾರು 2800 ಅಡಿ ವೇಗದಲ್ಲಿ ಬಿಡುತ್ತದೆ. ಅದರ ಶಕ್ತಿ ಸುಮಾರು 3500 ಜೂಲ್. ನನ್ನ ಬಾಣ 26 ಗ್ರಾಂ ತೂಗುತ್ತದೆ, ವೇಗ ಸೆಕೆಂಡಿಗೆ 280 ಅಡಿ, ಶಕ್ತಿ 95 ಜೂಲ್ ಇದ್ದರೆ ಹೆಚ್ಚು. ಗುಂಡು ಒಳಹೊಕ್ಕೊಡನೆ ಅರಳಿ ಸುತ್ತಲಿನ ಮಾಂಸಖಂಡವನ್ನೂ ಮೂಳೆಯನ್ನೂ ಛಿದ್ರಗೊಳಿಸುತ್ತದೆ. ಬಾಣ ಹಾಗೆ ಮಾಡಲಾರದು. ಅದರ ಮೊನೆಗೆ ಕೂರಿಸಿದ ಅಗಲವಾದ ಅಲಗುಗಳು ಕ್ಷೌರದ ಕತ್ತಿಯಂತೆ ರಕ್ತನಾಳಗಳನ್ನು ಕೊಯ್ದುಕೊಂಡು ಹೋಗುತ್ತವೆ, ಪ್ರಾಣಿ ರಕ್ತಸ್ರಾವದಿಂದ ಸಾಯುತ್ತದೆ. ಎರಡೂ ಶ್ವಾಸಕೋಶಗಳನ್ನು ತೂರಿಹೋದ ಬಾಣದಿಂದ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದು ಗುಂಡಿನ ಸಾವಿಗಿಂತ ಕ್ರೂರವಾದುದೇನಲ್ಲ. ಆದರೆ ಬಾಣವು ನಾಲ್ಕು ಬೆರಳು ಹಿಂದೆ ಬಿದ್ದರೆ ಕಥೆಯೇ ಬೇರೆ.

ಎರಡನೆಯ ವರ್ಷದ ಅಕ್ಟೋಬರ್ ಕೊನೆಯ ಒಂದು ಸಂಜೆ, ಹೆಣ್ಣುಜಿಂಕೆಯೊಂದು ನನ್ನ ಮಚಾನಿನಿಂದ 28 ಗಜ ದೂರದಲ್ಲಿ ಮಗ್ಗುಲು ತೋರಿಸಿ ನಿಂತಿತ್ತು. ಬೇಸಿಗೆಯೆಲ್ಲ ಮನೆಯ ಹಿತ್ತಿಲಿನಲ್ಲಿ ದಿನಕ್ಕೆ ಮೂವತ್ತು ಬಾಣಗಳಂತೆ ಅಭ್ಯಾಸ ಮಾಡಿದ್ದೆ, 30 ಗಜದಲ್ಲಿ ನನ್ನ ಬಾಣಗಳು ಅಂಗೈಯಗಲದಲ್ಲಿ ನಾಟುತ್ತಿದ್ದವು. ಬಿಟ್ಟ ಬಾಣ ಗುರಿಯಲ್ಲೇ ಹೋಯಿತು; ಕದಲಿದ್ದು ಜಿಂಕೆ. ಲೆಕ್ಕ ಹಾಕಿದರೆ ಕಾರಣ ಸ್ಪಷ್ಟ. 84 ಅಡಿ ಕ್ರಮಿಸಲು ಬಾಣಕ್ಕೆ 0.3 ಸೆಕೆಂಡ್ ಬೇಕು, ಹೆದೆಯ ಸದ್ದಿಗೆ 0.08 ಸೆಕೆಂಡ್ ಸಾಕು. ಸದ್ದು ಕಿವಿಗೆ ಬಿದ್ದ ಕ್ಷಣವೇ ಜಿಂಕೆ ಹಾರಿ ಓಡಲೆಂದು ಕಾಲು ಮಡಚಿ ಮೈ ತಗ್ಗಿಸುತ್ತದೆ, ಅದರೊಡನೆ ಮೈ ತಿರುಗಿಸುತ್ತದೆ. ಬಾಣ ಪಕ್ಕೆಲುಬುಗಳ ಹಿಂದೆ ನೆಟ್ಟಿತು. ನೆಲದ ಮೇಲೆ ಸಿಕ್ಕ ರಕ್ತ ಕಪ್ಪುಗೆಂಪಾಗಿತ್ತು, ಅಂದರೆ ಬಾಣ ತಗುಲಿದ್ದು ಪಿತ್ತಜನಕಾಂಗಕ್ಕೆ. ಶ್ವಾಸಕೋಶದ ರಕ್ತವಾಗಿದ್ದರೆ ತಿಳಿಗೆಂಪಾಗಿ, ನೊರೆಯಿಂದ ಕೂಡಿರುತ್ತಿತ್ತು. ಪಿತ್ತಜನಕಾಂಗಕ್ಕೆ ತಗುಲಿದ ಪ್ರಾಣಿಯನ್ನು ಕೂಡಲೇ ಹಿಂಬಾಲಿಸಿದರೆ ಅದು ಮೈಲಿಗಟ್ಟಲೆ ಓಡಿಹೋಗುತ್ತದೆ; ಸುಮ್ಮನೆ ಬಿಟ್ಟರೆ ಹತ್ತಿರದಲ್ಲೇ ಮಲಗಿ ಸಾಯುತ್ತದೆ. ಆರು ಗಂಟೆ ಕಾದು, ನಡುರಾತ್ರಿ ಲಾಟೀನಿನ ಬೆಳಕಿನಲ್ಲಿ ರಕ್ತದ ಜಾಡು ಹಿಡಿದು ಹೊರಟೆವು, ಜಾಡು ತಪ್ಪಿತು. ಬೆಳಗ್ಗೆ ಸಿಕ್ಕಾಗ ನರಿಯಂಥ ಕಯೋಟಿಗಳು ಅರ್ಧ ತಿಂದಿದ್ದವು. ಆ ಜಿಂಕೆಯನ್ನು ನನ್ನ ಲೆಕ್ಕಕ್ಕೆ ನೋಂದಾಯಿಸಿ, ಆ ವರ್ಷ ಮತ್ತೆ ಬಿಲ್ಲು ಮುಟ್ಟಲಿಲ್ಲ. ಅಂದಿನಿಂದ ನನ್ನ ಮಿತಿ 20 ಗಜ. 15 ಗಜದಲ್ಲಿ ಬಾಣ 0.16 ಸೆಕೆಂಡಿನಲ್ಲಿ ತಲುಪುತ್ತದೆ, ಅಷ್ಟರಲ್ಲಿ ಜಿಂಕೆ ಕದಲಲು ಹೆಚ್ಚು ಅವಕಾಶವಿರುವುದಿಲ್ಲ. ಹಲಗೆಯ ಮೇಲೆ 40 ಗಜದಲ್ಲಿ ಗುರಿ ತಪ್ಪದ ಬಿಲ್ಲುಗಾರರು ಅದೇ ದೂರದಲ್ಲಿ ಜೀವಂತ ಪ್ರಾಣಿಗೆ ಬಾಣ ಬಿಡುವುದನ್ನು ನಾನು ಒಪ್ಪುವುದಿಲ್ಲ.

ರೈಫಲ್ಲಿನಲ್ಲಿ ಈ ಅಪಾಯ ಬಹುಮಟ್ಟಿಗೆ ಇಲ್ಲ. ಗುಂಡು ಸದ್ದಿಗಿಂತ ಮೊದಲು ತಲುಪುತ್ತದೆ. 100 ಗಜದ ದೂರವನ್ನು ಅದು ಸುಮಾರು 0.11 ಸೆಕೆಂಡಿನಲ್ಲಿ ದಾಟುತ್ತದೆ, ಜಿಂಕೆಗೆ ಕೇಳಿಸಿಕೊಳ್ಳಲು ಸಮಯವೇ ಇರುವುದಿಲ್ಲ. ನಾಲ್ಕು ಹಂಗಾಮುಗಳಲ್ಲಿ ಕೋವಿಯಿಂದ ಹೊಡೆದ ಐದು ಜಿಂಕೆಗಳಲ್ಲಿ ನಾಲ್ಕು ನಿಂತಲ್ಲಿಂದ 50 ಗಜದೊಳಗೆ ಬಿದ್ದವು. ಐದನೆಯದರಲ್ಲಿ ನಾನು ಕೋವಿಯ ಒದೆತಕ್ಕೆ ಮೊದಲೇ ಹೆದರಿ ಟ್ರಿಗರನ್ನು ಜಗ್ಗಿಬಿಟ್ಟೆ. ಗುಂಡು ಮುಂದಕ್ಕೆ ಸರಿದು ಭುಜಕ್ಕೆ ತಗುಲಿತು, ಜಿಂಕೆ ಅಲ್ಲೇ ಕುಸಿಯಿತು. ನಾನು ಕಳೆದುಕೊಂಡದ್ದು ಎರಡು ಮುಂಗಾಲುಗಳ ಮಾಂಸವನ್ನು. ಪ್ರಾಣಿ ರಾತ್ರಿಯಿಡೀ ನರಳಲಿಲ್ಲ. ಕೋವಿಯಿಂದ ಗಾಯಗೊಂಡು ತಪ್ಪಿಸಿಕೊಳ್ಳುವ ಜಿಂಕೆಗಳೇ ಇಲ್ಲವೆಂದು ಇದರ ಅರ್ಥವಲ್ಲ. ಓಡುವ ಪ್ರಾಣಿಗೆ ಗುಂಡು ಹಾರಿಸುವವರನ್ನೂ, ಹೊಟ್ಟೆಗೆ ಗುಂಡು ಬಿದ್ದ ಜಿಂಕೆಯನ್ನೂ ನಾನು ಕಂಡಿದ್ದೇನೆ. ಆದರೆ ನಿಂತ ಜಿಂಕೆಗೆ, ಆನಿಕೆಯ ಮೇಲೆ ಕೋವಿಯಿಟ್ಟು, ನೂರು ಗಜದೊಳಗೆ ಹೊಡೆಯುವ ಸಾಧಾರಣ ಬೇಟೆಗಾರನ ಸಣ್ಣ ತಪ್ಪನ್ನು ರೈಫಲ್ ಕ್ಷಮಿಸುತ್ತದೆ, ಬಿಲ್ಲು ಕ್ಷಮಿಸುವುದಿಲ್ಲ.

ಕೋವಿಯ ದೋಷಗಳು ಬೇರೆ ಕಡೆ ಇವೆ. ಗುರಿ ತಪ್ಪಿದ ಬಾಣ ಕೆಲವು ಹತ್ತು ಗಜಗಳಲ್ಲಿ ನೆಲಕ್ಕೆ ಬೀಳುತ್ತದೆ, ಗುರಿ ತಪ್ಪಿದ ಗುಂಡು ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಹೀಗಾಗಿ ಜಿಂಕೆಯ ಹಿಂದೆ ಗುಡ್ಡದ ಮಣ್ಣು ಕಾಣದಿದ್ದರೆ ನಾನು ಹೊಡೆಯುವುದಿಲ್ಲ; ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತ ಒಳ್ಳೆಯ ಗಂಡುಜಿಂಕೆಯನ್ನು ಇದೇ ಕಾರಣಕ್ಕೆ ಎರಡು ಬಾರಿ ಬಿಟ್ಟಿದ್ದೇನೆ. ಸದ್ದು ಇನ್ನೊಂದು ಸಮಸ್ಯೆ. ರೈಫಲ್ಲಿನ ಸದ್ದು 160 ಡೆಸಿಬೆಲ್ಲಿನ ಆಸುಪಾಸಿನಲ್ಲಿರುತ್ತದೆ, ಕಿವಿಗೆ ರಕ್ಷಣೆಯಿಲ್ಲದೆ ಒಮ್ಮೆ ಹಾರಿಸಿದರೂ ಶಾಶ್ವತವಾದ ಹಾನಿಯಾಗಬಹುದು. ಸೀಸದ ಗುಂಡು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಸಾಕಷ್ಟು ದೂರದವರೆಗೂ ಮಾಂಸದಲ್ಲಿ ಹರಡುತ್ತವೆ; ಮನೆಯಲ್ಲಿ ಪುಟ್ಟ ಮಕ್ಕಳು ಉಣ್ಣುವ ಮಾಂಸ ಎಂದು ನೆನೆದು ನಾನು ಎರಡನೆಯ ಕೋವಿ ಹಂಗಾಮಿನಿಂದಲೇ ಪೂರ್ತಿ ತಾಮ್ರದ ಗುಂಡಿಗೆ ಬದಲಾಯಿಸಿದೆ. ಬೆಲೆ ಹೆಚ್ಚು, ಆದರೆ ವರ್ಷಕ್ಕೆ ಬೇಕಾಗುವುದು ಒಂದು ಪೆಟ್ಟಿಗೆ.

ಕಾಲದ ವಿಷಯದಲ್ಲಿ ಬಿಲ್ಲಿನ ಮೇಲುಗೈ ಪ್ರಶ್ನಾತೀತ. ಬಿಲ್ಲಿನ ಹಂಗಾಮು ಸೆಪ್ಟೆಂಬರ್ ಮಧ್ಯದಲ್ಲಿ ಆರಂಭವಾಗಿ ಜನವರಿಯ ಮೊದಲ ದಿನಗಳವರೆಗೆ ನಡೆಯುತ್ತದೆ. ಕೋವಿಯ ಮುಖ್ಯ ಹಂಗಾಮು ನವೆಂಬರ್ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ತೆರೆದು ಒಂಬತ್ತು ದಿನಗಳಲ್ಲಿ ಮುಗಿದುಹೋಗುತ್ತದೆ. ಗಂಡುಜಿಂಕೆಗಳು ಎಚ್ಚರ ಮರೆತು ಹಗಲಿನಲ್ಲೇ ಹೆಣ್ಣುಗಳನ್ನು ಅರಸಿ ಅಲೆಯುವ ನವೆಂಬರ್ ಮೊದಲೆರಡು ವಾರಗಳು ಪೂರ್ತಿಯಾಗಿ ಬಿಲ್ಲುಗಾರರ ಪಾಲಿಗೆ ಬರುತ್ತವೆ. ಆಗ ಕಾಡು ನಿಶ್ಶಬ್ದ. ನಮ್ಮೂರಿನ ಹಿರಿಯರು ಮರಸು ಕೂರುವುದೆಂದು ಹೇಳುತ್ತಿದ್ದುದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಈ ದಿನಗಳಲ್ಲಿ: ಸೊಂಟಕ್ಕೆ ರಕ್ಷಣಾಪಟ್ಟಿ ಬಿಗಿದು, ನೆಲದಿಂದ ಹದಿನೈದು ಅಡಿ ಎತ್ತರದಲ್ಲಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ಕೆನ್ನೆಯಿಂದ ಅಳೆಯುತ್ತ ನಾಲ್ಕು ಗಂಟೆ ಅಲುಗದೆ ಕೂತಿರುವುದು. ಗಾಳಿ ತಿರುಗಿತೆಂದರೆ ಜಿಂಕೆ 20 ಗಜದೊಳಗೆ ಬರುವುದು ಸುಳ್ಳು. ನೂರು ಗಜದಿಂದ ಹೊಡೆಯುವವನಿಗೆ ಜಿಂಕೆಯ ನಡೆ, ಅದರ ದಾರಿ, ಅದು ತಿನ್ನುವ ಓಕ್ ಕಾಯಿ ಇವೆಲ್ಲ ಇಷ್ಟು ನಿಕಟವಾಗಿ ತಿಳಿಯುವುದಿಲ್ಲ. ಕೋವಿ ಹಂಗಾಮಿನ ಮೊದಲ ಬೆಳಗು ಇದಕ್ಕೆ ತದ್ವಿರುದ್ಧ. ರಾಜ್ಯದಲ್ಲಿ ಕೋವಿ ಪರವಾನಗಿ ಪಡೆಯುವವರು ಐದು ಲಕ್ಷಕ್ಕೂ ಹೆಚ್ಚು; ಸೂರ್ಯ ಮೂಡುವ ಹೊತ್ತಿಗೆ ಎಲ್ಲ ದಿಕ್ಕುಗಳಿಂದಲೂ ಈಡಿನ ಸದ್ದು ಕೇಳಿಬರುತ್ತದೆ, ಎಲ್ಲರ ಮೈಮೇಲೂ ಕಡ್ಡಾಯವಾದ ಕಣ್ಣುಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣ. ಆ ಒಂಬತ್ತು ದಿನಗಳಲ್ಲಿ ಬಿಲ್ಲು ಹಿಡಿದವರೂ ಅದನ್ನೇ ತೊಡಬೇಕು.

ಮಾಂಸದ ದೃಷ್ಟಿಯಿಂದ ನವೆಂಬರ್ ಕೊನೆಯ ಚಳಿ ವರದಾನ. ಹೊಟ್ಟೆ ಬಗೆದು ಶುಚಿಮಾಡಿದ ಜಿಂಕೆಯನ್ನು ಕೊಟ್ಟಿಗೆಯಲ್ಲಿ ಮೂರು ದಿನ ತೂಗುಹಾಕಿದರೂ ಕೆಡುವುದಿಲ್ಲ, ಮಾಂಸ ಮೆತ್ತಗಾಗುತ್ತದೆ. ಸೆಪ್ಟೆಂಬರಿನ ಬಿಸಿಲಿನಲ್ಲಿ ಬಾಣದಿಂದ ಬಿದ್ದ ಜಿಂಕೆಯನ್ನು ಅದೇ ರಾತ್ರಿ ತುಂಡುಮಾಡಿ ಮಂಜುಗಡ್ಡೆಯಲ್ಲಿ ಇಡಬೇಕು. ಕೊಬ್ಬಿಲ್ಲದ ಈ ಮಾಂಸಕ್ಕೆ ಊರಿನಿಂದ ತಂದ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಚೆನ್ನಾಗಿ ಒಗ್ಗುತ್ತದೆ. ಯಾವ ಸಾಧನದಿಂದ ಹೊಡೆದರೂ ತಿನ್ನುವ ಮೊದಲು ಪರೀಕ್ಷೆ ಮಾಡಿಸಲೇಬೇಕು: ಜಿಂಕೆಗಳ ಮಿದುಳನ್ನು ಕ್ಷಯಿಸುವ ಸಿಡಬ್ಲ್ಯುಡಿ ರೋಗ 2002ರಲ್ಲಿ ಈ ರಾಜ್ಯದಲ್ಲಿ ಮೊದಲು ಪತ್ತೆಯಾದದ್ದು ನಾವಿರುವ ಈ ಭಾಗದಲ್ಲೇ.

ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡಕ್ಕೂ ಆರಂಭದಲ್ಲಿ ನನಗೆ ಎಂಟುನೂರು ಡಾಲರಿನ ಸುತ್ತಮುತ್ತ ಆಯಿತು. ನಿಜವಾದ ಖರ್ಚು ಸಮಯದ್ದು. ರೈಫಲ್ಲಿಗೆ ಅಕ್ಟೋಬರಿನಲ್ಲಿ ಮೂರು ಶನಿವಾರ ಗುರಿಯ ಮೈದಾನಕ್ಕೆ ಹೋದರೆ ಸಾಕು. ಬಿಲ್ಲಿಗೆ ಜೂನ್‌ನಿಂದಲೇ ದಿನವೂ ಮುಕ್ಕಾಲು ಗಂಟೆ ಕೊಡಬೇಕು, ಒಂದು ವಾರ ಬಿಟ್ಟರೂ ಹೆಗಲು ಮರೆತುಬಿಡುತ್ತದೆ.

ಆದ್ದರಿಂದ ನನ್ನನ್ನು ಕೇಳುವವರಿಗೆ, ವಿಶೇಷವಾಗಿ ಕೆಲಸ ಮತ್ತು ಮಕ್ಕಳ ನಡುವೆ ಬೇಸಿಗೆಯ ಸಂಜೆಗಳೇ ಸಿಗದವರಿಗೆ, ಮೊದಲು ಕೋವಿಯಿಂದ ಆರಂಭಿಸಿ ಎಂದು ಹೇಳುತ್ತೇನೆ. ಜಾಡು ಹಿಡಿಯುವುದನ್ನೂ, ಹೊಟ್ಟೆ ಬಗೆಯುವುದನ್ನೂ, ಹೊಡೆಯದೆ ಬಿಡುವುದನ್ನೂ ಮೊದಲು ಕಲಿಯಲಿ. ಬಿಲ್ಲು ಹಿಡಿಯುವ ಮುಂಚೆ ಒಂದು ಹಂಗಾಮು ಬರಿಗೈಯಲ್ಲಿ ಮರಸು ಕೂತು, ಎಷ್ಟು ಜಿಂಕೆಗಳು 20 ಗಜದೊಳಗೆ ಬಂದವೆಂದು ಬರೆದಿಟ್ಟುಕೊಳ್ಳಲಿ. ನಾನೇನೋ ಈಗ ಅಕ್ಟೋಬರ್ ಮಧ್ಯದಿಂದ ನವೆಂಬರ್ ಎರಡನೆಯ ವಾರದವರೆಗೆ ಬಿಲ್ಲನ್ನೂ, ಆಮೇಲೆ ಕೋವಿಯನ್ನೂ ಹಿಡಿಯುತ್ತೇನೆ. ಡಿಸೆಂಬರಿನಲ್ಲಿ ಬಿಲ್ಲಿನ ಹಂಗಾಮು ಇನ್ನೂ ತೆರೆದೇ ಇದ್ದರೂ ಅದನ್ನು ಹೊರತೆಗೆಯುವುದಿಲ್ಲ. ಆ ಚಳಿಯಲ್ಲಿ ನಾಲ್ಕು ಗಂಟೆ ಮರಗಟ್ಟಿ ಕೂತ ಹೆಗಲು 60 ಪೌಂಡನ್ನು ಸದ್ದಿಲ್ಲದೆ ಎಳೆಯಲಾರದು, ಎಳೆದರೂ ದಪ್ಪ ಕೋಟಿನ ತೋಳಿಗೆ ಹೆದೆ ತಗುಲಿ ಬಾಣದ ದಾರಿ ತಪ್ಪುತ್ತದೆ.