ಒಡ್ಡು ದುರಸ್ತಿ: ಮಣ್ಣಿನ ಕೆಲಸಕ್ಕೆ ಪೂರ್ತಿ ಅಂಕ, ತೂಬಿಗೆ ಇಲ್ಲ

ಚಳಿಗಾಲದ ಬಿರುಗಾಳಿ ಮಳೆಗೆ ನಮ್ಮ ಜಮೀನಿನ ಅಂಚಿನ ಹೊಳೆಯ ಒಡ್ಡು ಕುಸಿದಿತ್ತು. ದುರಸ್ತಿಗೆ ಬಂದ ಗುತ್ತಿಗೆದಾರರು ಸುಮ್ನೆ ಮಣ್ಣು ಸುರಿದು ಹೋಗಲಿಲ್ಲ, ಅದೇ ನನಗೆ ಹಿಡಿಸಿದ್ದು. ಮೊದಲು ಸಡಿಲ ಮಣ್ಣನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೆಗೆದರು. ಹಳೆಯ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಹಾಗೆ ಮಾಡದಿದ್ದರೆ ಹೊಸ ಮಣ್ಣು ಹಳೆಯದನ್ನು ಕಚ್ಚುವುದಿಲ್ಲ, ನೀರು ಆ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತದೆ. ಜೇಡಿಮಣ್ಣನ್ನು ತೆಳು ಪದರಗಳಲ್ಲಿ ಹಾಕಿ, ಪ್ರತಿ ಪದರದ ಮೇಲೂ ರೋಲರ್ ಓಡಿಸಿದರು. ಮಣ್ಣು ತೀರಾ ಒದ್ದೆಯಾದಾಗ ಕೆಲಸವನ್ನೇ ನಿಲ್ಲಿಸಿದರು. ನನಗೆ ಸಿಟ್ಟು ಬಂತು, ನಿಜ. ಆದರೆ ಕೆಸರು ಗಟ್ಟಿಯಾಗಿ ಕೂರುವುದಿಲ್ಲ ಅಲ್ವಾ? ಬುಡದಲ್ಲಿ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಮೇಲೆ ಕಲ್ಲು ತುಂಬಿದ ತಂತಿಬಲೆಯ ಪೆಟ್ಟಿಗೆ ಜೋಡಿಸಿದರು. ನೀರು ಬಸಿದು ಹೋಗುತ್ತದೆ, ಮಣ್ಣು ಉಳಿಯುತ್ತದೆ.

ತಡವಾಯಿತು ಎಂದು ಗೊಣಗುವವರಿಗೆ ಒಂದು ಮಾತು. 2014ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಡಾಲಿಷ್‌ನಲ್ಲಿ ಕಡಲಗೋಡೆ ಒಡೆದು ರೈಲು ಹಳಿ ಗಾಳಿಯಲ್ಲಿ ನೇತಾಡಿತ್ತು. ಅಲೆ ತಡೆಯಲು ಕಲ್ಲುಮಣ್ಣು ತುಂಬಿದ ಕಂಟೇನರ್‌ಗಳನ್ನು ಸಾಲಾಗಿ ನಿಲ್ಲಿಸಿ ಕೆಲಸ ಮಾಡಿದರೂ ರೈಲು ಮತ್ತೆ ಓಡಿದ್ದು ಏಪ್ರಿಲ್‌ನಲ್ಲಿ.

ಕೊರತೆ ಇರುವುದು ತೂಬಿನಲ್ಲಿ. ಹೊಳೆ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಕವಾಟಕ್ಕೆ ಕಸ ಸಿಕ್ಕಿ ಅದು ಮುಚ್ಚುತ್ತಲೇ ಇರಲಿಲ್ಲ. ಸರಿ ಮಾಡಿ ಎಂದರೆ, ಅದು ಒಪ್ಪಂದದಲ್ಲಿಲ್ಲ ಎಂದರು. ಕೊನೆಗೆ ನಾನೇ ಬಿಡಿಸಿದೆ. ಹುಲ್ಲಿನ ಬೀಜವನ್ನೂ ಕಾಟಾಚಾರಕ್ಕೆ ಎರಚಿದ್ದಾರೆ. ಐದರಲ್ಲಿ ನಾಲ್ಕು ಸ್ಟಾರ್. ಇವರನ್ನು ಕರೆಸುವವರು ಕವಾಟದ ಕೆಲಸವನ್ನೂ ಮೊದಲೇ ಬರೆಸಿಕೊಳ್ಳಿ.