ಕಂಪನಿ ಎಂಜಿನ್ನಿಗೆ ಎಷ್ಟು ಬೂಸ್ಟ್ ಸಾಕು: ವರ್ಟಸ್ 1.0 ಟಿಎಸ್‌ಐ ಕಾರಿನ ಇಸಿಯು ಟ್ಯೂನಿಂಗ್ ಸೇವೆಯ ವಿಮರ್ಶೆ

ಫೋಕ್ಸ್‌ವ್ಯಾಗನ್ ವರ್ಟಸ್ ಕಾರಿನ 1.0 ಟಿಎಸ್‌ಐ ಎಂಜಿನ್ ಕಾರ್ಖಾನೆಯಿಂದ ಬರುವಾಗ 115 ಪಿಎಸ್ ಶಕ್ತಿಯನ್ನೂ 178 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ವಾರಂಟಿ ಮುಗಿದ ನನ್ನ ಮ್ಯಾನ್ಯುಯಲ್ ಕಾರಿಗೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಇಸಿಯು ಟ್ಯೂನಿಂಗ್ ಮಾಡಿಸಿದೆ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶವನ್ನು ಬದಲಾಯಿಸಿಕೊಂಡೆ. ಪಿಸ್ಟನ್, ಟರ್ಬೊ, ಇಂಟರ್‌ಕೂಲರ್, ಕ್ಲಚ್ ಯಾವುದನ್ನೂ ಬದಲಾಯಿಸಿಲ್ಲ. ಈ ಸೇವೆ ಕೊಟ್ಟ ಹಣಕ್ಕೆ ತಕ್ಕದ್ದಾಗಿತ್ತು ಎಂಬುದು ನನ್ನ ಅಭಿಪ್ರಾಯ. ಹೆಚ್ಚಿದ ಶಕ್ತಿಗಿಂತಲೂ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಅವರು ನಿರ್ಧರಿಸಿದ ಕ್ರಮ ಅದಕ್ಕೆ ಮುಖ್ಯ ಕಾರಣ.

ವಿಚಾರಿಸಲು ಹೋದಾಗ ಎಲ್ಲರೂ ಕೇಳುವಂತೆ ನಾನೂ 'ಈ ಎಂಜಿನ್ ಎಷ್ಟು ಬಾರ್ ಬೂಸ್ಟ್ ತಡೆಯುತ್ತದೆ' ಎಂದು ಕೇಳಿದ್ದೆ. ಬೂಸ್ಟ್ ಎಂದರೆ ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ. ಬೇರೆ ಕಡೆಗಳಲ್ಲಿ ಫೋನಿನಲ್ಲೇ ಒಂದು ಅಂಕಿ ಹೇಳಿಬಿಟ್ಟಿದ್ದರು. ಇಲ್ಲಿನ ಟ್ಯೂನರ್ ಅಂಕಿ ಹೇಳಲಿಲ್ಲ. ಯಾವ ಪೆಟ್ರೋಲ್ ಹಾಕಿಸುತ್ತೀರಿ, ಯಾವ ದರ್ಜೆಯ ಎಂಜಿನ್ ಆಯಿಲ್ ಇದೆ, ಘಟ್ಟದ ರಸ್ತೆಯಲ್ಲಿ ಎಷ್ಟು ಓಡಿಸುತ್ತೀರಿ ಎಂದು ಮೊದಲು ವಿಚಾರಿಸಿದರು. ಅದೇ ಸರಿಯಾದ ಆರಂಭ. ಬೂಸ್ಟ್ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು ಮಾತ್ರ. ಸಮುದ್ರಮಟ್ಟದ ಮಂಗಳೂರಿನಲ್ಲಿ ಹೊರಗಿನ ಒತ್ತಡ ಸುಮಾರು 1.01 ಬಾರ್ ಇದ್ದರೆ, 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು 0.91 ಬಾರ್ ಆಸುಪಾಸು. ಇಂಟೇಕ್ ಮ್ಯಾನಿಫೋಲ್ಡಿನೊಳಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಟ್ಟು 2 ಬಾರ್ ಬೇಕಾದರೆ ಮಂಗಳೂರಿನಲ್ಲಿ ಗೇಜ್ ಸುಮಾರು 1 ಬಾರ್ ತೋರಿಸುತ್ತದೆ, ಬೆಂಗಳೂರಿನಲ್ಲಿ 1.1. ಎಂಜಿನ್ನಿನ ಮೇಲಿನ ಹೊರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಟರ್ಬೊ ಮಂಗಳೂರಿನಲ್ಲಿ ಗಾಳಿಯನ್ನು ಎರಡು ಪಟ್ಟಿಗೆ ಒತ್ತಿದರೆ ಸಾಕಾಗುವಲ್ಲಿ ಬೆಂಗಳೂರಿನಲ್ಲಿ 2.2 ಪಟ್ಟಿಗೆ, ಮುಳ್ಳಯ್ಯನಗಿರಿಯ ಎತ್ತರದಲ್ಲಿ ಸುಮಾರು ಎರಡೂವರೆ ಪಟ್ಟಿಗೆ ಒತ್ತಬೇಕಾಗುತ್ತದೆ. ಅಲ್ಲಿ ಟರ್ಬೊ ಇನ್ನೂ ವೇಗವಾಗಿ ತಿರುಗುತ್ತದೆ, ಹೊರಬರುವ ಗಾಳಿ ಇನ್ನೂ ಬಿಸಿಯಾಗಿರುತ್ತದೆ. ಊರು, ಪೆಟ್ರೋಲ್, ತಾಪಮಾನಗಳನ್ನು ಕೇಳದೆ ಹೇಳಿದ ಬೂಸ್ಟ್ ಅಂಕಿಗೆ ಅರ್ಥವಿಲ್ಲ.

ಆದ್ದರಿಂದ ಅವರು ಮಿತಿಯನ್ನು ಟಾರ್ಕಿನ ಲೆಕ್ಕದಲ್ಲಿ ವಿವರಿಸಿದರು. 999 ಸಿಸಿ ಎಂಜಿನ್ 178 ನ್ಯೂಟನ್ ಮೀಟರ್ ಕೊಡುವಾಗ ಪಿಸ್ಟನ್ನುಗಳ ಮೇಲಿನ ಸರಾಸರಿ ಪರಿಣಾಮಕಾರಿ ಒತ್ತಡ ಸುಮಾರು 22.4 ಬಾರ್ ಆಗುತ್ತದೆ. ಇದೇ ಕಾರಿನ 1.5 ಟಿಎಸ್‌ಐ ಎಂಜಿನ್ 250 ನ್ಯೂಟನ್ ಮೀಟರ್ ಕೊಟ್ಟರೂ ಅಲ್ಲಿ ಈ ಒತ್ತಡ 21 ಬಾರ್ ಮಾತ್ರ. ಅಂದರೆ ಚಿಕ್ಕ ಎಂಜಿನ್ ಕಂಪನಿಯ ಸ್ಥಿತಿಯಲ್ಲೇ ಹೆಚ್ಚು ದುಡಿಯುತ್ತಿದೆ. ಟಾರ್ಕನ್ನು 220ಕ್ಕೆ ಏರಿಸಿದರೆ ಒತ್ತಡ 27.7 ಬಾರ್ ತಲುಪುತ್ತದೆ. ನನ್ನ ಕಾರಿಗೆ ಅವರು 205ರಲ್ಲಿ ನಿಲ್ಲಿಸಿದರು, ಅದು 25.8 ಬಾರ್. ಆ ಮಿತಿಯನ್ನೂ 2,500 ಆರ್‌ಪಿಎಂ ದಾಟಿದ ಮೇಲೆ ಮಾತ್ರ ತೆರೆದಿದ್ದಾರೆ, ಅದಕ್ಕಿಂತ ಕೆಳಗೆ ಕಂಪನಿಯ ಟಾರ್ಕನ್ನೇ ಉಳಿಸಿದ್ದಾರೆ.

ಈ ಕೊನೆಯ ನಿರ್ಧಾರ ನನಗೆ ಅತ್ಯಂತ ಮುಖ್ಯವೆನಿಸಿತು. ನೇರ ಇಂಜೆಕ್ಷನ್ ಇರುವ ಸಣ್ಣ ಟರ್ಬೊ ಎಂಜಿನ್ನುಗಳಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಹೊರೆ ಬಿದ್ದಾಗ, ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ಇದಕ್ಕೆ ಎಲ್‌ಎಸ್‌ಪಿಐ ಎನ್ನುತ್ತಾರೆ. ಸಾಮಾನ್ಯ ನಾಕ್, ಅಂದರೆ ಸ್ಪಾರ್ಕ್ ಬಂದ ಬಳಿಕ ಉಳಿದ ಮಿಶ್ರಣ ತಾನಾಗಿ ಸಿಡಿಯುವುದು, ಆದರೆ ಇಸಿಯು ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಸರಿಸಿ (ಸ್ಪಾರ್ಕನ್ನು ತಡವಾಗಿ ಕೊಟ್ಟು) ಎಂಜಿನ್ನನ್ನು ಕಾಪಾಡಬಲ್ಲದು. ಇಲ್ಲಿ ಬೆಂಕಿ ಹತ್ತುವುದು ಸ್ಪಾರ್ಕಿನಿಂದಲ್ಲವಾದ್ದರಿಂದ ಆ ರಕ್ಷಣೆ ಕೆಲಸಕ್ಕೆ ಬರುವುದಿಲ್ಲ. ಒಂದೇ ಏಟಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಬಹುದು. ಶಿರಾಡಿ ಘಾಟಿಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಗೇರ್ ಇಳಿಸದೆ 1,600 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುವ ಚಾಲಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಎಲ್‌ಎಸ್‌ಪಿಐ ತಡೆಯುವ ಪರೀಕ್ಷೆ ಎಂಜಿನ್ ಆಯಿಲಿನ ಎಪಿಐ ಎಸ್‌ಎನ್ ಪ್ಲಸ್ ಮತ್ತು 2020ರಲ್ಲಿ ಬಂದ ಎಸ್‌ಪಿ ದರ್ಜೆಗಳಲ್ಲಿ ಸೇರಿದೆ. ಆಯಿಲ್ ಯಾವುದೆಂದು ಅವರು ಮೊದಲೇ ಕೇಳಿದ್ದು ಇದಕ್ಕಾಗಿ.

ಕೆಲಸದ ಕ್ರಮ ಶಿಸ್ತಿನದಾಗಿತ್ತು. ಸ್ಪಾರ್ಕ್ ಪ್ಲಗ್ ತೆಗೆದು ನೋಡಿ, ಡೈನೊ (ಕಾರಿನ ಶಕ್ತಿ ಅಳೆಯುವ ಯಂತ್ರ) ಮೇಲೆ ಮೊದಲು ಕಂಪನಿಯ ಸ್ಥಿತಿಯಲ್ಲೇ ಓಡಿಸಿ, ಬಳಿಕ ಹಂತ ಹಂತವಾಗಿ ಬೂಸ್ಟ್ ಏರಿಸಿದರು. ಪ್ರತಿ ಹಂತದಲ್ಲೂ ಇಸಿಯು ಕೇಳಿದ ಬೂಸ್ಟ್ ಮತ್ತು ನಿಜವಾಗಿ ಬಂದ ಬೂಸ್ಟ್, ಒಳಹೋಗುವ ಗಾಳಿಯ ತಾಪ, ಲ್ಯಾಂಬ್ಡಾ (ಗಾಳಿ ಮತ್ತು ಇಂಧನದ ಅನುಪಾತದ ಅಳತೆ), ಮೂರೂ ಸಿಲಿಂಡರುಗಳಲ್ಲಿ ಟೈಮಿಂಗ್ ಎಷ್ಟು ಡಿಗ್ರಿ ಹಿಂದೆ ಸರಿದಿದೆ ಎಂಬುದನ್ನು ದಾಖಲಿಸಿ ನನಗೂ ತೋರಿಸಿದರು. ಎರಡು ಮೂರು ಡಿಗ್ರಿ ಹಿಂದೆ ಸರಿಯುವುದು ಸಹಜ. ಒಂದೇ ಸಿಲಿಂಡರಿನಲ್ಲಿ ಅದು ಪದೇ ಪದೇ ಆರು ಡಿಗ್ರಿ ತಲುಪುತ್ತಿದ್ದರೆ ಬೂಸ್ಟ್ ಇಳಿಸಬೇಕೆಂದೇ ಅರ್ಥ. ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನ ಎಥೆನಾಲ್ ನಾಕ್ ತಡೆಯಲು ನೆರವಾಗುತ್ತದೆ, ನಿಜ. ಆದರೆ ಗಾಳಿ ಮತ್ತು ಇಂಧನದ ಅನುಪಾತ 14.7ರಿಂದ ಸುಮಾರು 13.5ಕ್ಕೆ ಇಳಿಯುವುದರಿಂದ ಇಂಜೆಕ್ಟರುಗಳು ಹೆಚ್ಚು ಪೆಟ್ರೋಲ್ ಸುರಿಸಬೇಕು, ಆದ್ದರಿಂದ ಇಂಧನದ ಒತ್ತಡ ಎಲ್ಲಿಯೂ ಕುಸಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ಅವರು ಮುಂದುವರಿದರು.

ಇದೇ ಹಣದ ಸಣ್ಣ ಭಾಗಕ್ಕೆ ಸಿಗುವ ಟ್ಯೂನಿಂಗ್ ಬಾಕ್ಸನ್ನು ಯಾರೂ ಇದಕ್ಕೆ ಬದಲಿಯೆಂದು ಭಾವಿಸಬಾರದು. ಅಂಥ ಬಾಕ್ಸುಗಳಲ್ಲಿ ಹೆಚ್ಚಿನವು ಬೂಸ್ಟ್ ಸೆನ್ಸರಿನ ಸಂಕೇತವನ್ನು ತಗ್ಗಿಸಿ ಇಸಿಯುವನ್ನು ನಂಬಿಸುತ್ತವೆ. ಬೂಸ್ಟ್ ಏರಿದರೂ ಇಸಿಯು ಕಡಿಮೆ ಹೊರೆಯ ಟೈಮಿಂಗನ್ನೇ ಬಳಸುತ್ತದೆ, ಮತ್ತು ಆ ಅಂತರವನ್ನು ತುಂಬುವ ಭಾರವೆಲ್ಲ ನಾಕ್ ಸೆನ್ಸರಿನ ಮೇಲೆ ಬೀಳುತ್ತದೆ.

ರಸ್ತೆಯಲ್ಲಿ ವ್ಯತ್ಯಾಸ ಮೂರನೇ ಮತ್ತು ನಾಲ್ಕನೇ ಗೇರಿನಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಹೆದ್ದಾರಿಯಲ್ಲಿ ಲಾರಿ ದಾಟುವಾಗ ಗೇರ್ ಇಳಿಸುವ ಅಗತ್ಯ ಕಡಿಮೆಯಾಗಿದೆ, ಕ್ಲಚ್ ಜಾರುತ್ತಿಲ್ಲ. ಪೇಟೆಯ ಓಡಾಟದಲ್ಲಿ ಯಾವ ಬದಲಾವಣೆಯೂ ಗೊತ್ತಾಗುವುದಿಲ್ಲ, ಮೈಲೇಜೂ ಹಾಗೆಯೇ ಇದೆ.

ಕೊರತೆಗಳೂ ಇವೆ. ಡೈನೊ ಕೋಣೆಯಲ್ಲಿ ಒಂದೇ ಫ್ಯಾನ್ ಇರುವುದರಿಂದ ಸತತ ಓಟಗಳಲ್ಲಿ ಗಾಳಿಯ ತಾಪ ಏರಿ ಅಂಕಿಗಳು ಕುಗ್ಗಿದವು. ಮಧ್ಯೆ ಸಾಕಷ್ಟು ಬಿಡುವು ಕೊಡುವಂತೆ ನಾನೇ ಕೇಳಬೇಕಾಯಿತು. ತೆರಿಗೆ ಸೇರಿ 38 ಸಾವಿರ ರೂಪಾಯಿ ತೆಗೆದುಕೊಂಡ ಮೇಲೆ, ಯಾವ ಮಿತಿಗಳನ್ನು ಎಷ್ಟಕ್ಕೆ ಬದಲಾಯಿಸಲಾಗಿದೆ ಎಂಬ ಲಿಖಿತ ಪಟ್ಟಿಯನ್ನು ಕೇಳದೆಯೇ ಕೊಡಬೇಕಿತ್ತು. ವಿಮೆ ಮತ್ತು ವಾರಂಟಿಯ ಬಗ್ಗೆ ಅವರು ತಾವಾಗಿ ಏನನ್ನೂ ಹೇಳಲಿಲ್ಲ, ಇದು ಸಣ್ಣ ಲೋಪವಲ್ಲ. ಇಸಿಯು ಬದಲಾವಣೆ ಪತ್ತೆಯಾದರೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ವಾರಂಟಿಯನ್ನು ಕಂಪನಿ ನಿರಾಕರಿಸಬಹುದು, ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿಗೆ ಅಡ್ಡಿಯಾಗಬಹುದು. ಹಾಗಾಗಿ ವಾರಂಟಿ ಬಾಕಿಯಿರುವ ಕಾರಿಗೆ ನಾನು ಈ ಸೇವೆಯನ್ನು ಶಿಫಾರಸು ಮಾಡುವುದಿಲ್ಲ. ವಾರಂಟಿ ಮುಗಿದವರು, ಸರಿಯಾದ ಆಯಿಲ್ ಮತ್ತು ಹೊಸ ಪ್ಲಗ್‌ಗಳೊಂದಿಗೆ, ಕಂಪನಿಯ ಟಾರ್ಕಿಗಿಂತ ಶೇ 15ರಷ್ಟು ಹೆಚ್ಚಳಕ್ಕೆ ತೃಪ್ತರಾಗುವುದಾದರೆ, ದಾಖಲೆಗಳನ್ನು ಎದುರಿಗಿಟ್ಟು ಕೆಲಸ ಮಾಡುವ ಇಂಥ ಗ್ಯಾರೇಜಿಗೆ ಹೋಗಬಹುದು.